ಗೋಲಿಲ್ಲದ ಹನ್ನೆರಡು

0-12, 2-4. 1994ರ ಜುಲೈನಲ್ಲಿ ಐರ್ಲೆಂಡಿನ ರೋಸ್‌ಕಾಮನ್ ಪಟ್ಟಣದ ಹೈಡ್ ಪಾರ್ಕ್ ಮೈದಾನದಲ್ಲಿ ನಡೆದ ಕಾನಾಟ್ ಪ್ರಾಂತ್ಯದ ಗೇಲಿಕ್ ಫುಟ್‌ಬಾಲ್ ಫೈನಲ್‌ನ ಸ್ಕೋರು ಇದು. ಆಟದ ಪರಿಚಯವಿಲ್ಲದವರು ಎರಡು ಗೋಲು ಹೊಡೆದವರೇ ಗೆದ್ದಿರಬೇಕು ಅಂದುಕೊಂಡಾರು. ಗೆದ್ದದ್ದು ಸೊನ್ನೆಯವರು. ಇಲ್ಲಿ ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಹಾಗಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಚೆಂಡು ಬಿದ್ದರೆ ಗೋಲು, ಅದಕ್ಕೆ ಮೂರು ಪಾಯಿಂಟ್. ಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾರಿಹೋದರೆ ಒಂದು. ಮೇಯೊ ಕೌಂಟಿಯದು ಎರಡು ಗೋಲು, ನಾಲ್ಕು ಪಾಯಿಂಟ್, ಕೂಡಿದರೆ ಹತ್ತು. ಲೀಟ್ರಿಮ್ ಕೌಂಟಿಯದು ಗೋಲೇ ಇಲ್ಲದ ಹನ್ನೆರಡು.

ಈ ಆಟದ ಸ್ಕೋರುಗಳಲ್ಲಿ ನನಗೆ ಎಲ್ಲಕ್ಕಿಂತ ರುಚಿಸುವುದು ಇದೇ. ಗೋಲಿಗೆ ಅದೃಷ್ಟವೂ ಸಾಕಾಗುತ್ತದೆ. ಎತ್ತರಕ್ಕೆ ಒದ್ದ ಚೆಂಡು ಗುಂಪಿನ ನಡುವೆ ಬೀಳುತ್ತದೆ, ಗೋಲ್‌ಕೀಪರ್ ಅಂದಾಜು ತಪ್ಪುತ್ತಾನೆ, ಮುಗಿಯಿತು. ಆ ದಿನ ಮೇಯೊದ ಮೊದಲ ಗೋಲು ಬಂದಾಗ ಆಟ ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ. ಹನ್ನೆರಡು ಪಾಯಿಂಟ್ ಹಾಗೆ ಒದಗಿ ಬರುವುದಿಲ್ಲ. ಅಷ್ಟೂ ಸಲ ಚೆಂಡು ಗೆಲ್ಲಬೇಕು, ಸಾಗಿಸಬೇಕು. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಆಮೇಲೆ ಚೆಂಡನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ ತುದಿಗೆ ಬಿಟ್ಟು ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಒಂದರ ಹಿಂದೆ ಒಂದು ಎರಡು ಸಲ ಪುಟಿಸುವಂತೆಯೂ ಇಲ್ಲ. ಪಕ್ಕದಲ್ಲಿ ಒಬ್ಬ ಭುಜ ಕೊಟ್ಟು ತಳ್ಳುತ್ತಲೇ ಇರುತ್ತಾನೆ. ಇಷ್ಟೆಲ್ಲ ದಾಟಿ, ಗಾಳಿ ನೋಡಿಕೊಂಡು ಒದೆಯಬೇಕು. ಸಿಗುವುದು ಒಂದು.

ಲೀಟ್ರಿಮ್ ಐರ್ಲೆಂಡಿನ ಅತಿ ಚಿಕ್ಕ ಕೌಂಟಿ. ವಿಸ್ತೀರ್ಣದಲ್ಲಲ್ಲ, ಆ ಹೆಸರು ಲೌತ್‌ಗೆ ಸೇರಿದ್ದು, ತಲೆಯೆಣಿಕೆಯಲ್ಲಿ. 2022ರ ಜನಗಣತಿಯ ಪ್ರಕಾರ ಇಲ್ಲಿರುವವರು ಸುಮಾರು 35 ಸಾವಿರ ಮಂದಿ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ 82 ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ. ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಕೌಂಟಿಗೆ ಕೌಂಟಿಯೇ ಬಂದು ಕೂತರೂ ಅರ್ಧಕ್ಕಿಂತ ಹೆಚ್ಚು ಖಾಲಿ. ಅಲೆನ್ ಸರೋವರ ಈ ಕೌಂಟಿಯನ್ನು ಹೆಚ್ಚುಕಡಿಮೆ ಎರಡು ಭಾಗ ಮಾಡಿಬಿಟ್ಟಿದೆ. ನೀರು ಇಂಗದ ಜಿಗುಟು ಮಣ್ಣು, ಸಣ್ಣ ಸಣ್ಣ ಹಿಡುವಳಿ, ಸಮುದ್ರ ತೀರ ಅಂತ ಇರುವುದು ನಾಲ್ಕೇ ಕಿಲೋಮೀಟರ್. 1841ರಲ್ಲಿ ಇದೇ ನೆಲದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದರು. ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮ, ಆಮೇಲೆ ಒಂದೂವರೆ ಶತಮಾನ ನಿಲ್ಲದ ವಲಸೆ. 1996ರ ಹೊತ್ತಿಗೆ ಉಳಿದವರು 25 ಸಾವಿರ.

ಅಂಥ ಕಡೆ ತಂಡ ಕಟ್ಟುವುದು ಹೇಗೆ? ಗೇಲಿಕ್ ಆಟಗಳಲ್ಲಿ ಆಟಗಾರರ ಮಾರುಕಟ್ಟೆ ಇಲ್ಲ. 1884ರಲ್ಲಿ ಥರ್ಲ್ಸ್ ಊರಿನ ಹೋಟೆಲೊಂದರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇವತ್ತಿಗೂ ಆಟಗಾರರಿಗೆ ಸಂಬಳ ಕೊಡುವುದಿಲ್ಲ. ಕೌಂಟಿಯ ಅಂಗಿ ತೊಡಬೇಕಾದರೆ ಆ ನೆಲದ ಸಂಬಂಧ ಬೇಕು: ಊರಿನ ಕ್ಲಬ್ಬು, ಇಲ್ಲವೇ ಹೆತ್ತವರ ಊರು. ಅವಕಾಶ ಕಮ್ಮಿ ಅಂತ ರಣಜಿ ಆಟಗಾರ ಇನ್ನೊಂದು ರಾಜ್ಯಕ್ಕೆ ಹೋದಷ್ಟು ಸಲೀಸಲ್ಲ ಇದು. ಕೆರಿ ಕೌಂಟಿಯದೂ ಹಸಿರು-ಚಿನ್ನದ ಅಂಗಿಯೇ, ಲೀಟ್ರಿಮ್‌ನದೂ ಅದೇ. 2025ರ ಗೆಲುವು ಸೇರಿ ಕೆರಿಯ ಹತ್ತಿರ 39 ಅಖಿಲ ಐರ್ಲೆಂಡ್ ಫುಟ್‌ಬಾಲ್ ಪ್ರಶಸ್ತಿಗಳಿವೆ. ಲೀಟ್ರಿಮ್ ಹತ್ತಿರ ಒಂದೂ ಇಲ್ಲ. ಕಾನಾಟ್ ಪ್ರಾಂತ್ಯದ ಪ್ರಶಸ್ತಿಯೇ ಇಡೀ ಚರಿತ್ರೆಯಲ್ಲಿ ಎರಡು: 1927, ಮತ್ತೆ 1994.

ಈ ಎರಡರ ನಡುವಿನ ಕಾಲಕ್ಕೆ ಸೇರಿದವರು ಪ್ಯಾಕಿ ಮೆಕ್‌ಗಾರ್ಟಿ. ಮೊಹಿಲ್ ಊರಿನವರು, ಆಳು ಗಿಡ್ಡ, ಕಾಲು ಬಲು ಚುರುಕು. 1949ರಲ್ಲಿ ಹದಿಹರೆಯದಲ್ಲೇ ಕೌಂಟಿ ತಂಡಕ್ಕೆ ಬಂದು ಎರಡು ದಶಕಕ್ಕೂ ಮೀರಿ ಆಡಿದರು. 1957ರಿಂದ 60ರವರೆಗೆ ನಾಲ್ಕು ವರ್ಷ ಸತತವಾಗಿ ಲೀಟ್ರಿಮ್ ಕಾನಾಟ್ ಫೈನಲ್ ಮುಟ್ಟಿತು. ನಾಲ್ಕೂ ಸಲ ಗಾಲ್ವೇ ಎದುರು ಸೋತಿತು. ಪ್ರಾಂತ್ಯದ ಒಂದು ಪದಕವೂ ಇಲ್ಲದೆ ಅವರ ಆಟದ ಬದುಕು ಮುಗಿಯಿತು. 1984ರಲ್ಲಿ ಸಂಸ್ಥೆಗೆ ನೂರು ತುಂಬಿದಾಗ, ಅಖಿಲ ಐರ್ಲೆಂಡ್ ಪ್ರಶಸ್ತಿ ಎಂದೂ ಗೆಲ್ಲದವರದೇ ಒಂದು ಶತಮಾನದ ತಂಡ ಆರಿಸಿದರು. ಅದರಲ್ಲಿ ಮೆಕ್‌ಗಾರ್ಟಿ ಇದ್ದರು. ಪದಕ ನೋಡಿ ಆಟಗಾರನನ್ನು ಅಳೆಯುವವರಿಗೆ ನಾನು ಮೊದಲು ತೋರಿಸುವುದು ಈ ಹೆಸರನ್ನೇ. ಅದೇ ಕಾಲು ಗಾಲ್ವೇಯಲ್ಲಿ ಹುಟ್ಟಿದ್ದರೆ ಕಪಾಟು ತುಂಬುತ್ತಿತ್ತು.

1994ರ ತಂಡದ ಮ್ಯಾನೇಜರ್ ಜಾನ್ ಒ'ಮಹೊನಿ ಮೇಯೊದವರೇ. 1989ರಲ್ಲಿ ಮೇಯೊವನ್ನು ಅಖಿಲ ಐರ್ಲೆಂಡ್ ಫೈನಲ್‌ಗೆ ಕರೆದೊಯ್ದಿದ್ದವರು, ಮುಂದೆ ಗಾಲ್ವೇಗೆ 1998 ಮತ್ತು 2001ರಲ್ಲಿ ಅದೇ ಕಪ್ ಗೆದ್ದುಕೊಟ್ಟವರು. ಆ ಬೇಸಿಗೆಯಲ್ಲಿ ಲೀಟ್ರಿಮ್ ಮೊದಲು ರೋಸ್‌ಕಾಮನ್ ತಂಡವನ್ನು, ಆಮೇಲೆ ಮರುಪಂದ್ಯದಲ್ಲಿ ಗಾಲ್ವೇಯನ್ನು, ಕೊನೆಗೆ ಮೇಯೊವನ್ನು ಸೋಲಿಸಿತು. ಪ್ರಾಂತ್ಯದ ಮೂವರು ದೊಡ್ಡಣ್ಣಂದಿರನ್ನೂ ಸರದಿಯಲ್ಲಿ ಮುಗಿಸಿದ ಹಾಗಾಯಿತು. ನಾಯಕ ಡೆಕ್ಲನ್ ಡಾರ್ಸಿ ಬೆಳೆದದ್ದು ಡಬ್ಲಿನ್‌ನಲ್ಲಿ. ಹೆತ್ತವರ ಕಡೆಯ ನಂಟಿನಿಂದ ಲೀಟ್ರಿಮ್‌ಗೆ ಆಡಿದವರು. ಊರು ಬಿಟ್ಟು ಹೋದವರ ಮನೆಯಿಂದಲೇ ನಾಯಕ ಬಂದಿದ್ದ. ಕಪ್ ಎತ್ತುವಾಗ ಅವರ ಪಕ್ಕದಲ್ಲಿ 1927ರ ನಾಯಕ ಟಾಮ್ ಗ್ಯಾನನ್ ನಿಂತಿದ್ದರು, ತೊಂಬತ್ತು ದಾಟಿದ ಅಜ್ಜ. ಒಂದೇ ಚಿತ್ರದಲ್ಲಿ ಕೌಂಟಿಯ ಗೆದ್ದ ನಾಯಕರೆಲ್ಲ ಸಿಕ್ಕರು, ಇದ್ದವರೇ ಇಬ್ಬರು! ಮುಂದೆ ಅಖಿಲ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಡಬ್ಲಿನ್ 3-15, ಲೀಟ್ರಿಮ್ 1-9. ಕೂಡಿ ಕಳೆದು ನೋಡಿ, ಸೋಲಿನ ಅಂತರವೂ ಹನ್ನೆರಡೇ.

ಅಲ್ಲಿಂದೀಚೆಗೆ ಹೇಳಿಕೊಳ್ಳುವಂಥದ್ದು ಕಮ್ಮಿ. ಆದರೆ ಈ ಕೌಂಟಿಯ ಸೋಲುಗಳಿಗೂ ಒಂದು ಸೊಗಸಿದೆ, 2023ರದನ್ನೇ ನೋಡಿ. ಕಾನಾಟ್ ಚಾಂಪಿಯನ್‌ಶಿಪ್‌ನಲ್ಲಿ 1999ರಿಂದ ನ್ಯೂಯಾರ್ಕ್ ತಂಡವೂ ಆಡುತ್ತಿದೆ. ಪ್ರತಿ ವರ್ಷ ಪ್ರಾಂತ್ಯದ ಒಂದು ಕೌಂಟಿ ಬ್ರಾಂಕ್ಸ್‌ನ ಗೇಲಿಕ್ ಪಾರ್ಕಿಗೆ ಹಾರಬೇಕು, ಅಮೆರಿಕದಲ್ಲಿ ನೆಲೆಸಿದ ಐರಿಷ್ ಹುಡುಗರನ್ನು ಸೋಲಿಸಿ ಬರಬೇಕು. ಎರಡು ದಶಕ ಅದು ಹಾಗೇ ನಡೆಯಿತು. 2018ರಲ್ಲಿ ಲೀಟ್ರಿಮ್ ಹೆಚ್ಚುವರಿ ಸಮಯದಲ್ಲಿ ಒಂದೇ ಪಾಯಿಂಟಿನಿಂದ ಪಾರಾಗಿತ್ತು. 2023ರ ಏಪ್ರಿಲ್‌ನಲ್ಲಿ ಪಾರಾಗಲಿಲ್ಲ. 0-15, 0-15 ಸಮ. ಪೆನಾಲ್ಟಿಯಲ್ಲಿ ನ್ಯೂಯಾರ್ಕ್ ಗೆದ್ದಿತು, ಚಾಂಪಿಯನ್‌ಶಿಪ್‌ನಲ್ಲಿ ಅವರ ಮೊಟ್ಟಮೊದಲ ಗೆಲುವು. ಪತ್ರಿಕೆಗಳು ಅವಮಾನ ಅಂದವು. ನನಗೆ ಹಾಗನ್ನಿಸಲಿಲ್ಲ. ನೂರೈವತ್ತು ವರ್ಷ ತನ್ನ ಮಕ್ಕಳನ್ನು ಹಡಗು ಹತ್ತಿಸಿದ ಕೌಂಟಿ ಯಾರ ಕೈಯಲ್ಲಾದರೂ ಸೋಲುವುದಿದ್ದರೆ, ಹಾಗೆ ಹಡಗು ಹತ್ತಿದವರ ಕೈಯಲ್ಲೇ ಸೋಲಲಿ.

ನಿಜವಾಗಿ ನೋವು ಕೊಟ್ಟದ್ದು 2025ರ ಲೀಗು. ಗಾಯಾಳುಗಳು ಹೆಚ್ಚಾಗಿ, ಫರ್ಮಾನಾ ಎದುರಿನ ಪಂದ್ಯವನ್ನು ಆಡದೆಯೇ ಬಿಟ್ಟುಕೊಡಬೇಕಾಯಿತು. ಕೆರಿಯಂಥ ಕಡೆ ಹತ್ತು ಜನ ಕುಂಟಿದರೆ ಇನ್ನೊಂದು ಹತ್ತು ಜನ ಅಂಗಿ ತೊಟ್ಟು ನಿಂತಿರುತ್ತಾರೆ. ಇಲ್ಲಿ ಮೀಸಲು ಎಂದರೆ ಡಬ್ಲಿನ್‌ನಲ್ಲಿ ಕೆಲಸ ಮಾಡಿಕೊಂಡು, ಸಂಜೆ ಕಾರು ಹತ್ತಿ ನೂರೈವತ್ತು ಕಿಲೋಮೀಟರ್ ದಾಟಿ ಕ್ಯಾರಿಕ್-ಆನ್-ಶಾನನ್‌ನ ಮೈದಾನಕ್ಕೆ ಬಂದು, ತಾಲೀಮು ಮುಗಿಸಿ ರಾತ್ರಿಯೇ ಅದೇ ದಾರಿಯಲ್ಲಿ ಹಿಂದಿರುಗುವ ಹುಡುಗ. ಅವನನ್ನು ಎಷ್ಟು ಅಂತ ಎಳೆಯುವುದು?

ಅದೇ ವರ್ಷ ನಿಯಮಗಳೂ ಬದಲಾದವು. ಗೋಲಿನಿಂದ ನಲವತ್ತು ಮೀಟರ್ ದೂರದಲ್ಲಿ ಎಳೆದ ಕಮಾನಿನ ಹೊರಗಿಂದ ಒದ್ದರೆ ಈಗ ಎರಡು ಪಾಯಿಂಟ್. ಪ್ರತಿ ತಂಡವೂ ಮೂವರನ್ನು ಸದಾ ಎದುರಾಳಿಯ ಅರ್ಧದಲ್ಲೇ ಬಿಟ್ಟಿರಬೇಕು. ಹದಿನೈದು ಜನರನ್ನೂ ಹಿಂದಕ್ಕೆಳೆದು ಗೋಡೆ ಕಟ್ಟಿ ಕೂರುವುದು ದುರ್ಬಲರ ಹಳೆಯ ಉಪಾಯ. ಅದಕ್ಕೆ ಬಾಗಿಲು ಮುಚ್ಚಿತು. ನೋಡುವವನಿಗೆ ಇದು ಹಬ್ಬ, ಸಂಶಯವೇ ಇಲ್ಲ; ಆ ಗೋಡೆಯ ಆಟ ನೋಡಿ ಆಕಳಿಸಿದ ಸಂಜೆಗಳು ನನಗೆ ಸಾಕಷ್ಟಿವೆ. ಬಡ ಕೌಂಟಿಗಳಿಗೆ ಇದು ಸಾವು ಅಂತ ಕೆಲವರು ಬರೆದರು. ಅಷ್ಟರಲ್ಲಿ ಲೌತ್, ಅದೇ ವಿಸ್ತೀರ್ಣದಲ್ಲಿ ಚಿಕ್ಕ ಲೌತ್, 1957ರ ನಂತರ ಮೊದಲ ಸಲ ಲೆನ್‌ಸ್ಟರ್ ಪ್ರಾಂತ್ಯ ಗೆದ್ದುಬಿಟ್ಟಿತು. ಚಿಕ್ಕವರಿಗೆಂದು 2022ರಲ್ಲಿ ಶುರುವಾದ ಎರಡನೇ ದರ್ಜೆಯ ಟಾಲ್ಟನ್ ಕಪ್ ಒಳ್ಳೆಯದೇ, ಸಮಬಲದ ಪಂದ್ಯ ಸಿಗುತ್ತದೆ. ಆದರೆ ಅದನ್ನು ನೆಪ ಮಾಡಿಕೊಂಡು ಪ್ರಾಂತ್ಯದ ಚಾಂಪಿಯನ್‌ಶಿಪ್ಪನ್ನೇ ತೆಗೆಯಬೇಕು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಲೌತ್ ಗೆದ್ದದ್ದು ಅಲ್ಲೇ ತಾನೆ?

ಹರ್ಲಿಂಗ್‌ನಲ್ಲಿ ಲೀಟ್ರಿಮ್ ಇನ್ನೂ ಕೆಳಗಿದೆ. ಮರದ ಕೋಲಿನಿಂದ ಚೆಂಡನ್ನು ಗಾಳಿಯಲ್ಲೇ ಹೊಡೆಯುವ ಆ ಆಟ ಐರ್ಲೆಂಡಿನ ದಕ್ಷಿಣದ್ದು. ಲೀಟ್ರಿಮ್‌ನಲ್ಲಿ ಕ್ಲಬ್ಬುಗಳು ಬೆರಳೆಣಿಕೆಯಷ್ಟೇ. ಐದನೇ ದರ್ಜೆಯ ಲೋರಿ ಮಾರ್ ಕಪ್ಪನ್ನು 2019ರಲ್ಲಿ ಲೀಟ್ರಿಮ್ ಹೆಚ್ಚುವರಿ ಸಮಯದಲ್ಲಿ ಗೆದ್ದಿತು, ಎದುರಾಳಿ ಇಂಗ್ಲೆಂಡಿನ ಲ್ಯಾಂಕಶೈರ್. ಗೆದ್ದ ತಂಡದಲ್ಲಿ ಝ್ಯಾಕ್ ಮೊರಾದಿ ಇದ್ದರು. ಇರಾಕಿನ ರಮಾದಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಕುರ್ದ್ ಹುಡುಗ, 2002ರಲ್ಲಿ ಕುಟುಂಬದೊಂದಿಗೆ ಕ್ಯಾರಿಕ್‌ಗೆ ಬಂದು ಶಾಲೆಯಲ್ಲಿ ಕೋಲು ಹಿಡಿದವರು. ಎಲ್ಲರೂ ಬಿಟ್ಟು ಹೋಗುವ ಊರಿಗೆ ಹುಡುಕಿಕೊಂಡು ಬಂದವರು ಸಿಕ್ಕಿದ್ದಕ್ಕೆ ಲೀಟ್ರಿಮ್ ಜನ ಇವತ್ತಿಗೂ ಹಿಗ್ಗುತ್ತಾರೆ.

ನಾಲ್ಕು ವರ್ಷ ಕಳೆದು, 2023ರ ಕೊನೆಯಲ್ಲಿ, ಕ್ಲಬ್ಬುಗಳು ಕಮ್ಮಿ ಇರುವ ಐದು ಕೌಂಟಿಗಳನ್ನು ರಾಷ್ಟ್ರೀಯ ಹರ್ಲಿಂಗ್ ಲೀಗಿನಿಂದ ಕೈಬಿಡುವ ಪ್ರಸ್ತಾವವೊಂದು ಡಬ್ಲಿನ್‌ನಲ್ಲಿ ತಯಾರಾಯಿತು. ಪಟ್ಟಿಯಲ್ಲಿ ಲೀಟ್ರಿಮ್ ಕೂಡ ಇತ್ತು. ಉಳಿಯುವ ಹಣವನ್ನು ಆ ಕೌಂಟಿಗಳಲ್ಲೇ ಆಟ ಬೆಳೆಸಲು ಬಳಸುತ್ತೇವೆ ಅಂದರು. ಆಡಲು ತಂಡವೇ ಇಲ್ಲದ ಕಡೆ ಹುಡುಗ ಯಾವ ಆಸೆಗೆ ಕೋಲು ಹಿಡಿಯುತ್ತಾನೆ ಎಂದು ಯಾರೂ ಯೋಚಿಸಿದಂತಿರಲಿಲ್ಲ. ಐದೂ ಕೌಂಟಿಯ ಆಟಗಾರರು ತಿರುಗಿಬಿದ್ದರು, ಪ್ರಸ್ತಾವ ಬಿದ್ದುಹೋಯಿತು, ಲೀಟ್ರಿಮ್ ಲೀಗಿನಲ್ಲೇ ಉಳಿಯಿತು.