ಸಬ್ಜೆಕ್ಟ್ ಸಾಲು ನೋಡಿ ಸ್ಪ್ಯಾಮ್ ತಡೆಯುವ ನಿಯಮಗಳು

ಇಮೇಲ್‌ನ ಒಳಗೇನಿದೆ ಎಂದು ನೋಡದೆ, ಸಬ್ಜೆಕ್ಟ್ ಸಾಲನ್ನಷ್ಟೇ ಓದಿ ಅದನ್ನು ಬದಿಗಿಡುವುದು ಸ್ಪ್ಯಾಮ್ ತಡೆಯ ಹಳೆಯ ವಿಧಾನಗಳಲ್ಲೊಂದು. 1990ರ ದಶಕದ ಯುನಿಕ್ಸ್ ಬಳಕೆದಾರರು ಪ್ರೊಕ್‌ಮೇಲ್ ತಂತ್ರಾಂಶಕ್ಕೆ ಇಂಥ ನಿಯಮಗಳನ್ನು ಕೈಯಾರೆ ಬರೆದುಕೊಳ್ಳುತ್ತಿದ್ದರು. ಈಗ ಜಿಮೇಲ್, ಔಟ್‌ಲುಕ್, ಥಂಡರ್‌ಬರ್ಡ್‌ಗಳಲ್ಲಿ ಯಾರು ಬೇಕಾದರೂ ಫಿಲ್ಟರ್ ಹಾಕಿಕೊಳ್ಳಬಹುದು: ಸಬ್ಜೆಕ್ಟ್‌ನಲ್ಲಿ ‘ಲಾಟರಿ’ ಎಂದಿದ್ದರೆ ನೇರ ಕಸಕ್ಕೆ. ಈ ವಿಧಾನದ ನಿಜವಾದ ಹೆಚ್ಚುಗಾರಿಕೆ ಅದರ ಸುಲಭತೆಯಲ್ಲ. ಮೇಲ್ ಏಕೆ ತಡೆಹಿಡಿಯಲ್ಪಟ್ಟಿತು ಎಂಬುದು ನಿಯಮ ಓದಿದವರಿಗೆ ತಿಳಿಯುತ್ತದೆ. ಇಂದಿನ ಕಲಿಯುವ ಫಿಲ್ಟರ್‌ಗಳಿಂದ ಅಷ್ಟು ಸ್ಪಷ್ಟ ಉತ್ತರ ಸಿಗುವುದು ಅಪರೂಪ.

ಪದ ಹುಡುಕುವ ನಿಯಮ ಸೋಲುವುದು ಎರಡು ಕಡೆಯಿಂದ. ಇಂಗ್ಲಿಷ್‌ನ ‘ಸ್ಪೆಷಲಿಸ್ಟ್’ ಪದದ ಕಾಗುಣಿತದ ನಡುವೆ ಸಿಯಾಲಿಸ್ ಎಂಬ ಮಾತ್ರೆಯ ಹೆಸರು ಅಡಗಿದೆ. ಆ ಹೆಸರನ್ನು ತಡೆಯಲು ಹೊರಟ ಒರಟು ನಿಯಮ ತಜ್ಞ ವೈದ್ಯರ ಪತ್ರವನ್ನೂ ತಡೆಯುತ್ತದೆ. ಇನ್ನೊಂದು ಕಡೆ, ಸ್ಪ್ಯಾಮ್ ಕಳಿಸುವವರು ಪದವನ್ನೇ ವಿರೂಪಗೊಳಿಸುತ್ತಾರೆ. ಅಕ್ಷರದ ಬದಲು ಅಂಕಿ, ನಡುನಡುವೆ ಚುಕ್ಕಿ, ಲ್ಯಾಟಿನ್ ‘ಎ’ ಇದ್ದಲ್ಲಿ ನೋಡಲು ಹಾಗೆಯೇ ಇರುವ ಸಿರಿಲಿಕ್ ಅಕ್ಷರ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತ. ಓದುವವರಿಗೆ ಪದ ಹಾಗೆಯೇ ಕಾಣುತ್ತದೆ, ಫಿಲ್ಟರ್‌ಗೆ ಸಿಗುವುದಿಲ್ಲ.

ಆದರೆ ಈ ವೇಷವೇ ಸಾಕ್ಷಿಯೂ ಆಗುತ್ತದೆ. ಒಂದೇ ಪದದೊಳಗೆ ಲ್ಯಾಟಿನ್ ಮತ್ತು ಸಿರಿಲಿಕ್ ಬೆರೆಸಿ ಬರೆಯುವ ಅಗತ್ಯ ಪ್ರಾಮಾಣಿಕ ಪತ್ರಕ್ಕೆ ಬರುವುದೇ ಕಡಿಮೆ. ಆದ್ದರಿಂದ ಅಸಹಜ ಅಕ್ಷರ ಹುಡುಕುವ ನಿಯಮ ಪದ ಹುಡುಕುವ ನಿಯಮಕ್ಕಿಂತ ಜಾಣತನದ್ದು. 2014ರ ಆಗಸ್ಟ್‌ನಲ್ಲಿ ಜಿಮೇಲ್ ಇದೇ ದಾರಿ ಹಿಡಿದು, ಯುನಿಕೋಡ್ ಒಕ್ಕೂಟದ ಭದ್ರತಾ ಮಾನದಂಡದಂತೆ ಲಿಪಿಗಳ ಅನುಮಾನಾಸ್ಪದ ಬೆರಕೆಯಿರುವ ಇಮೇಲ್‌ಗಳನ್ನು ತಿರಸ್ಕರಿಸಲು ಆರಂಭಿಸಿತು.

ಎಡವಟ್ಟಾಗುವುದು ‘ಅಸಹಜ’ ಎಂದರೆ ‘ಇಂಗ್ಲಿಷ್ ಅಲ್ಲದ್ದು’ ಎಂದು ನಿಯಮ ಬರೆಯುವವರು ಭಾವಿಸಿದಾಗ. ಇಮೇಲ್ ಶೀರ್ಷಿಕೆಗಳ 1982ರ ಮಾನದಂಡ ಆಸ್ಕಿ ಅಕ್ಷರಗಳನ್ನಷ್ಟೇ, ಅಂದರೆ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳನ್ನಷ್ಟೇ ಒಪ್ಪುತ್ತಿತ್ತು. 1990ರ ದಶಕದ ಮೈಮ್ ವ್ಯವಸ್ಥೆ ಉಳಿದ ಲಿಪಿಗಳಿಗೆ ದಾರಿ ಮಾಡಿತಾದರೂ ಅವು ಆಸ್ಕಿಯ ಮುಸುಕು ಹೊದ್ದೇ ಸಾಗಬೇಕಿತ್ತು. ಕನ್ನಡದ ಒಂದೊಂದು ಸಂಕೇತಬಿಂದುವಿಗೂ ಯುಟಿಎಫ್-8ರಲ್ಲಿ ಮೂರು ಬೈಟ್, ಆ ಮುಸುಕಿನ ಒಂದು ಬಗೆಯಾದ ಬೇಸ್64ರಲ್ಲಿ ನಾಲ್ಕು ಅಕ್ಷರ. ಮುಸುಕು ತೆಗೆಯದೆ ಕಚ್ಚಾ ಸಾಲನ್ನೇ ಓದುವ ನಿಯಮಕ್ಕೆ ಕನ್ನಡದ ಆಮಂತ್ರಣ ಪತ್ರಿಕೆಯೂ ಅರ್ಥವಿಲ್ಲದ ಅಕ್ಷರರಾಶಿ.

ಮುಸುಕು ತೆಗೆದ ಮೇಲೂ ತೊಡಕು ಮುಗಿಯದು. ಶೂನ್ಯ ಅಗಲದ ಸಂಕೇತ ಕಂಡಲ್ಲೆಲ್ಲ ಸ್ಪ್ಯಾಮ್ ಎಂದುಕೊಂಡರೆ ಕನ್ನಡಕ್ಕೆ ನೇರ ಪೆಟ್ಟು. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಅಂಥದೊಂದು ಸಂಕೇತ ಬೇಕು. ಅದನ್ನು ತೆಗೆದರೆ ಉಳಿಯುವುದು ‘ರಾಜ್ಕುಮಾರ್’. ‘ಲೋನ್’ ಪದದ ಓಕಾರವನ್ನು ಒಂದೇ ಸಂಕೇತವಾಗಿಯೂ ಮೂರು ತುಣುಕಾಗಿಯೂ ಬರೆಯಬಹುದು, ತೆರೆಯ ಮೇಲೆ ವ್ಯತ್ಯಾಸ ಕಾಣದು. ಎರಡನ್ನೂ ಮೊದಲು ಒಂದೇ ರೂಪಕ್ಕೆ ತರದ ಫಿಲ್ಟರ್ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. ಕನ್ನಡದ ಅನುಸ್ವಾರದ ಸೊನ್ನೆಯ ಜಾಗದಲ್ಲಿ ತೆಲುಗಿನ ಸೊನ್ನೆ ಕೂರಿಸಿದರೆ ಕಣ್ಣು ಗುರುತಿಸದು. ನಿಯಮ ಹುಡುಕಬೇಕಾದದ್ದು ಇಂಥ ಬೆರಕೆಯನ್ನು, ಲಿಪಿಯನ್ನಲ್ಲ. (ಇಡೀ ಸಾಲು ದೊಡ್ಡಕ್ಷರದಲ್ಲಿದ್ದರೆ ಅನುಮಾನಿಸುವ ಪ್ರಸಿದ್ಧ ನಿಯಮಕ್ಕೆ ಕನ್ನಡದಲ್ಲಿ ಕೆಲಸವೇ ಇಲ್ಲ.)

2001ರಲ್ಲಿ ಬಂದ ಸ್ಪ್ಯಾಮ್‌ಅಸಾಸಿನ್ ಎಂಬ ಫಿಲ್ಟರ್ ಇಂಥ ತಪ್ಪು ತೀರ್ಪುಗಳಿಗೆ ಸಮಂಜಸ ಪರಿಹಾರ ಕೊಟ್ಟಿತು. ಅಲ್ಲಿ ಪ್ರತಿ ನಿಯಮವೂ ಅಂಕ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಮೂಲ ಹೊಂದಿಕೆಯಂತೆ ಒಟ್ಟು 5 ತಲುಪಿದರೆ ಮಾತ್ರ ಮೇಲ್ ಸ್ಪ್ಯಾಮ್. ಮರುವರ್ಷ ಪ್ರೋಗ್ರಾಮರ್ ಪಾಲ್ ಗ್ರಹಾಂ ನಿಯಮ ಬರೆಯುವುದನ್ನೇ ಬಿಟ್ಟು ಪದಗಳ ಸಂಭವನೀಯತೆ ಲೆಕ್ಕ ಹಾಕಬೇಕೆಂದು ವಾದಿಸಿದರು. ಆದರೂ 2003ರ ಅವರ ಸುಧಾರಿತ ವಿಧಾನ ಸಬ್ಜೆಕ್ಟ್ ಸಾಲಿನ ಪದಗಳನ್ನು ಒಡಲಿನ ಪದಗಳಿಂದ ಬೇರೆಯಾಗಿ ಎಣಿಸಿತು. ‘ಫ್ರೀ’ ಎಂಬುದು ಒಡಲಿನಲ್ಲಿರುವುದಕ್ಕಿಂತ ಸಬ್ಜೆಕ್ಟ್‌ನಲ್ಲಿದ್ದರೆ ಸ್ಪ್ಯಾಮ್‌ನ ಗಟ್ಟಿ ಸುಳಿವು ಎಂದು ಅವರ ಲೆಕ್ಕವೂ ತೋರಿಸಿತು. ನಿಯಮ ಬರೆಯುವವರ ಊಹೆ ಅಷ್ಟರಮಟ್ಟಿಗೆ ಸರಿಯಿತ್ತು.

ಬಳಕೆದಾರರು ಸ್ವತಃ ಹಾಕಿಕೊಳ್ಳುವ ಫಿಲ್ಟರ್‌ಗೆ ಈ ಅಂಕಗಳ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ; ಒಂದು ಹೊಂದಿಕೆ, ಒಂದು ಕ್ರಮ, ಅಷ್ಟೆ. ಆದ್ದರಿಂದ ಅಲ್ಲಿ ‘ಅಳಿಸು’ ಎಂಬ ಆಯ್ಕೆ ದುಬಾರಿ. ಬೇರೆ ಫೋಲ್ಡರ್‌ಗೆ ಸರಿಸುವ ನಿಯಮ ತಪ್ಪಿದರೂ ಪತ್ರ ಕಳೆಯುವುದಿಲ್ಲ.