ಮೊದಲು ನೀರು ನೋಡಿ, ಆಮೇಲೆ ಗ್ಯಾಸ್

ದೋಣಿಯಲ್ಲಿ ಕೂಡಿಸಿದ ಏಸಿ ತಂಪು ಕೊಡದಿದ್ದರೆ ಏನು ನೋಡಬೇಕು ಅಂತ ಈ ವಾರ ಬರೆಯುವುದಾಗಿ ಹೇಳಿದ್ದೆ. ಉತ್ತರ ಚಿಕ್ಕದು. ಆ ಏಸಿ ತನ್ನ ಬಿಸಿಯನ್ನು ಗಾಳಿಗಲ್ಲ, ಪಂಪು ಎಳೆದುಕೊಡುವ ಸಮುದ್ರದ ನೀರಿಗೆ ಬಿಡುತ್ತದೆ. ಏಸಿ ಓಡುವಾಗ ದೋಣಿಯ ಪಕ್ಕದ ಕೊಳವೆಯಿಂದ ನೀರು ರಭಸವಾಗಿ ಬೀಳಬೇಕು. ಸಣ್ಣಗೆ ಬೀಳುತ್ತಿದ್ದರೆ ಜಾಲರಿಗೆ ಪಾಚಿ ಕಟ್ಟಿರಬಹುದು, ಪಂಪಿನಲ್ಲಿ ಗಾಳಿ ಸೇರಿರಬಹುದು, ಕೊಳವೆಯೊಳಗೆ ಚಿಪ್ಪು ಬೆಳೆದಿರಬಹುದು. ಇದನ್ನೆಲ್ಲ ಬಿಟ್ಟು ಮೊದಲೇ ಗ್ಯಾಸ್ ತುಂಬಿಸುವವರ ಮೇಲೆ ನನ್ನ ಸಿಟ್ಟು ಹಳೆಯದು.

ಆದರೆ ಬಿಸಿಲು ಏರಿದೆ, ಬಳ್ಳಾರಿಯಲ್ಲಿ ಮನೆಮನೆಯ ಕೂಲರ್ ಹೊರಬಂದಿದೆ. ಮೊದಲು ನೀರು ನೋಡಿ ಎಂಬ ನಿಯಮ ಅದಕ್ಕೂ ಇದೆ, ಇನ್ನೂ ಬಿಗಿಯಾಗಿ. ದೋಣಿಯನ್ನು ಇಲ್ಲಿಗೇ ಬಿಡುತ್ತೇನೆ.

ಕೂಲರ್ ಟ್ಯಾಂಕಿಗೆ ಐಸ್ ಹಾಕುವ ಪಂಥ ಒಂದಿದೆ. ಕೌಲ್ ಬಜಾರಿನ ಒಂದು ಜೀನ್ಸ್ ಹೊಲಿಗೆ ಶೆಡ್ಡಿನಲ್ಲಿ ಮಧ್ಯಾಹ್ನಕ್ಕೊಂದು ಐಸ್ ಗಡ್ಡೆ ತರಿಸುತ್ತಿದ್ದರು. ಲೆಕ್ಕ ನೋಡಿ: ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖ ಸುಮಾರು 334 ಕಿಲೋಜೌಲ್. ಅದೇ ಒಂದು ಕಿಲೋ ನೀರು ಆವಿಯಾದರೆ ಹೀರುವುದು 2,400ಕ್ಕೂ ಹೆಚ್ಚು. ಏಳು ಪಟ್ಟು! ಗಂಟೆಗೆ ಐದು ಲೀಟರ್ ಚಿಲ್ಲರೆ ನೀರು ಆವಿಯಾದರೆ ಒಂದು ಟನ್ ಏಸಿಯಷ್ಟು ಶಾಖ ಹೋಗುತ್ತದೆ. ನೀರು ಐಸಿನಂತೆ ಕೊರೆಯುತ್ತಿದ್ದರೆ ಆವಿಯಾಗುವುದೂ ನಿಧಾನ. ಆ ಶೆಡ್ಡಿನ ನಿಜವಾದ ಕಷ್ಟ ಇಸ್ತ್ರಿಯ ಹಬೆ. ಹಬೆ ಹೊರಹೋಗಲು ದಾರಿಯಿರಲಿಲ್ಲ. ಗಾಳಿ ಆಗಲೇ ತೇವ ಕುಡಿದು ಕೂತಿದ್ದರೆ ಕೂಲರ್ ಏನು ಮಾಡೀತು?

ಗಾಳಿಯ ತೇವಕ್ಕೂ ತಂಪಿಗೂ ಇರುವ ಈ ನಂಟನ್ನು ಲೆಕ್ಕಕ್ಕೆ ತಂದವರು ವಿಲಿಸ್ ಕ್ಯಾರಿಯರ್. 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಅವರು ಮಂಡಿಸಿದ ಪ್ರಬಂಧ ನಾನು ಮತ್ತೆಮತ್ತೆ ತೆರೆಯುವ ಗ್ರಂಥ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಯಿಸಿದರೆ ಪಾದರಸ ಇಳಿಯುತ್ತ ಒಂದು ಕಡೆ ನಿಲ್ಲುತ್ತದೆ. ಗಾಳಿ ಬಟ್ಟೆಗೆ ಕೊಡುವ ಶಾಖಕ್ಕೂ ಆವಿ ಹೊತ್ತೊಯ್ಯುವ ಶಾಖಕ್ಕೂ ಅಲ್ಲಿ ಸರಿಹೋಗುತ್ತದೆ. ಕೂಲರಿನ ಗಾಳಿ ಅದಕ್ಕಿಂತ ಕೆಳಗೆ ಇಳಿಯಲಾರದು. ಹೊರಗೆ 40 ಡಿಗ್ರಿ, ತೇವಾಂಶ ಶೇ 20 ಇದ್ದರೆ ಆ ಗಡಿ ಸುಮಾರು 22–23 ಡಿಗ್ರಿ; ಒಳ್ಳೆಯ ಪ್ಯಾಡ್ 26–27ರ ಗಾಳಿ ಕೊಡುತ್ತದೆ. ತೇವಾಂಶ ಶೇ 50 ಆದರೆ ಅದೇ ಕೂಲರ್, ಅದೇ ನೀರು, ಬರುವ ಗಾಳಿ 32ರ ಆಸುಪಾಸು. ಹೀಗಾಗಿ ಬಳ್ಳಾರಿ ಕೋಟೆಗುಡ್ಡದ ಬುಡದ ಒಣಗಾಳಿಯಲ್ಲಿ ಹೊಗಳಿಸಿಕೊಂಡ ಕೂಲರ್, ಸಿರುಗುಪ್ಪದಲ್ಲಿ ಸುತ್ತ ನೀರು ನಿಂತ ಭತ್ತದ ಗದ್ದೆಗಳಿರುವಾಗ ಬೈಸಿಕೊಳ್ಳುತ್ತದೆ. ಅಲ್ಲಿ ಮಿಸ್ತ್ರಿಯನ್ನು ಕರೆಸುವುದು ದಂಡ.

ಕುರುಗೋಡಿನ ಪರಿಚಯದವರ ಮನೆಯಲ್ಲಿ ಮಾತ್ರ ದೋಷ ಕೂಲರಿನದೇ ಆಗಿತ್ತು. "ಮೋಟರ್ ಹೋಗೇದ್ರೀ ಸಾರ್, ಬದಲಿ ಮಾಡಬೇಕು" ಅಂದಿದ್ದನಂತೆ ಮಿಸ್ತ್ರಿ. ಪಕ್ಕದ ಬಾಗಿಲು ಬಿಚ್ಚಿ ನೋಡಿದೆವು. ಪ್ಯಾಡಿನ ಮೇಲರ್ಧ ಒಣಗಿ ಬೆಳ್ಳಗಾಗಿತ್ತು. ಉಗುರಲ್ಲಿ ಕೆರೆದರೆ ಬೋರ್ ನೀರಿನ ಸುಣ್ಣ ಪುಡಿಪುಡಿಯಾಗಿ ಉದುರಿತು. ಮೇಲಿನ ನೀರಿನ ಕೊಳವೆಯ ತೂತುಗಳಲ್ಲಿ ಅರ್ಧಕ್ಕೂ ಹೆಚ್ಚು ಮುಚ್ಚಿದ್ದವು. ಗಾಳಿಗೆ ಸುಲಭದ ದಾರಿ ಬೇಕು: ಒಣಗಿದ ಕಡೆಯಿಂದಲೇ ನುಗ್ಗಿ, ಬಿಸಿಬಿಸಿಯಾಗಿಯೇ ಒಳಗೆ ಬರುತ್ತಿತ್ತು. ಪಿನ್ನಿನಿಂದ ತೂತು ಬಿಡಿಸಿದೆವು, ಪಂಪಿನ ಜಾಲರಿ ತೊಳೆದೆವು, ಪ್ಯಾಡ್ ಹೊಸದು ಹಾಕಿದೆವು. ಹಳೇ ಮೋಟರ್ ಇನ್ನೂ ಓಡುತ್ತಿದೆ.

ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಮೇಲೆಮೇಲೆ ನೀರು ತುಂಬುತ್ತಾ ಹೋದರೆ ದಿನೇದಿನೇ ಗಡುಸಾಗುತ್ತದೆ. ಬೋರ್ ನೀರಿನವರು ವಾರದಲ್ಲಿ ಎರಡು ಸಲವಾದರೂ ಪೂರ್ತಿ ಚೆಲ್ಲಿ ಹೊಸ ನೀರು ಹಾಕಿ. ಕೂಲರ್ ಕಿಟಕಿಯ ಹೊರಗೆ ಇರಲಿ, ಎದುರಿನ ಕಿಟಕಿ ತೆರೆದಿರಲಿ. ಏಸಿಯ ರೂಢಿಯಲ್ಲಿ ಬಾಗಿಲು ಮುಚ್ಚಿ ಕೂತವರಿಗೆ ಅರ್ಧ ಗಂಟೆಯಲ್ಲೇ ಮೈ ಅಂಟಂಟು. ಸಿರುಗುಪ್ಪದವರು ಗಾಳಿ ತೇವವಾದ ದಿನ ಪಂಪು ಆರಿಸಿ ಬರೀ ಫ್ಯಾನ್ ಓಡಿಸಿಕೊಳ್ಳಲಿ.