ಗೋಡೆಯ ಮೇಲಿನ ನೆರಳು, ಬಾದಾಮಿಯ ಜೋಡಿ ತಿರುಳು

ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳಲ್ಲಿ ಭಾರತದಲ್ಲಿ ಹೆಚ್ಚು ಹೆಸರಾದದ್ದು ಇಸ್ಮತ್ ಚುಗ್ತಾಯಿ ಅವರ ಉರ್ದು ಕಥೆ ‘ಲಿಹಾಫ್’. ಲಿಹಾಫ್ ಎಂದರೆ ರಜಾಯಿ. 1942ರಲ್ಲಿ ಲಾಹೋರಿನ ‘ಅದಬ್-ಎ-ಲತೀಫ್’ ಪತ್ರಿಕೆಯಲ್ಲಿ ಅಚ್ಚಾದ ಈ ಕಥೆ ಲೇಖಕಿಯನ್ನು ಅದೇ ಊರಿನ ಕೋರ್ಟು ಮೆಟ್ಟಿಲು ಹತ್ತಿಸಿತು. ಉರ್ದು ಕಥೆಗಾರ ಮಂಟೋ ಅವರ ‘ಬೂ’ ಕಥೆಯ ಮೇಲೂ ಆಗ ಅಶ್ಲೀಲತೆಯ ಮೊಕದ್ದಮೆ ನಡೆಯುತ್ತಿತ್ತು. ಕಥೆಯಲ್ಲಿ ಅಶ್ಲೀಲವಾದ ಪದ ಯಾವುದು ಎಂದು ವಕೀಲರು ಕೇಳಿದಾಗ ಸಾಕ್ಷಿಯೊಬ್ಬರು ‘ಆಶಿಕ್’ ಎಂಬ ಮಾತನ್ನು ತೋರಿಸಿದರೆಂದು ಚುಗ್ತಾಯಿ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಪ್ರಿಯಕರ ಎಂಬುದಕ್ಕಿಂತ ಹೆಚ್ಚಿನ ಅರ್ಥ ಆ ಪದಕ್ಕಿಲ್ಲ. ಮೊಕದ್ದಮೆ ಬಿದ್ದುಹೋಯಿತು, ಆದರೆ ಕಥೆಗೆ ಅಂಟಿದ ಕುಖ್ಯಾತಿ ಹೋಗಲಿಲ್ಲ. ಇಂದಿಗೂ ಅನೇಕರಿಗೆ ಕಥೆಗಿಂತ ಮೊದಲು ಕೇಸು ಗೊತ್ತು.

ಕೇಸನ್ನು ಬದಿಗಿಟ್ಟು ಓದಿದರೆ ಮೊದಲು ಕಣ್ಣಿಗೆ ಬೀಳುವುದು ನಿರೂಪಣೆಯ ಕಸುಬು. ನವಾಬ ಮದುವೆಯಾದ ಮೇಲೆ ಬೇಗಂ ಜಾನ್‌ಳನ್ನು ಮನೆಯ ಸಾಮಾನಿನಂತೆ ಒಂದು ಕಡೆ ಇಟ್ಟು ಮರೆತಿದ್ದಾನೆ. ಅವನ ಗಮನವೆಲ್ಲ ತಾನು ಸಾಕಿ ಓದಿಸುವ ತೆಳು ಮೈಯ ಹುಡುಗರ ಮೇಲೆ. ಬೇಗಂಗೆ ವಾಸಿಯಾಗದ ತುರಿಕೆ. ಅವಳ ಬೆನ್ನು ನೀವುವ ದಾಸಿ ರಬ್ಬೋಳ ಚುರುಕಾದ ಪುಟ್ಟ ಕೈಗಳು ಹೊತ್ತೊತ್ತಿಗೂ ಬಿಡುವಿಲ್ಲದೆ ಆಡುತ್ತವೆ. ಇದೆಲ್ಲವನ್ನು ಹೇಳುವವಳು ಒಬ್ಬ ಹುಡುಗಿ. ತಾಯಿ ಊರಿಗೆ ಹೋದಾಗ ಬೇಗಂಳ ಮನೆಯಲ್ಲಿ ಉಳಿದವಳು, ರಾತ್ರಿ ಗೋಡೆಯ ಮೇಲೆ ಆನೆಯಂತೆ ತೊನೆಯುವ ರಜಾಯಿಯ ನೆರಳನ್ನು ಕಂಡು ಬೆಚ್ಚುತ್ತಾಳೆ. ಹುಡುಗಿಗೆ ಅರ್ಥವಾಗದ್ದು ಓದುಗರಿಗೆ ಅರ್ಥವಾಗುತ್ತದೆ. ಕಥೆಯ ಬಿಗಿ ಇರುವುದೇ ಆ ಅಂತರದಲ್ಲಿ. ಬಿಚ್ಚಿ ಹೇಳಿದ ಒಂದು ವಾಕ್ಯವೂ ಇಲ್ಲದ್ದರಿಂದಲೇ ಸಾಕ್ಷಿಗಳಿಗೆ ಬೆರಳಿಟ್ಟು ತೋರಿಸಲು ಏನೂ ಸಿಗಲಿಲ್ಲ.

ಆದರೂ ಇದನ್ನು ಪ್ರೀತಿಯ ಕಥೆ ಎಂದು ಕೈಗೆತ್ತಿಕೊಂಡವರು ನಿರಾಶರಾಗುತ್ತಾರೆ, ಆ ನಿರಾಶೆ ನ್ಯಾಯವಾದದ್ದೇ. ಬೇಗಂಳ ಆಸೆ ಗಂಡನ ತಾತ್ಸಾರದಿಂದ ಹುಟ್ಟಿದ ಕಾಯಿಲೆಯಂತೆ ಬರುತ್ತದೆ. ರಬ್ಬೋ ಮಗನನ್ನು ನೋಡಲು ಹೋದ ದಿನ ಬೇಗಂಳ ಕೈ ಹುಡುಗಿಯತ್ತ ಚಾಚುತ್ತದೆ. ಅದು ಮಗುವಿನ ಮೇಲಿನ ದೌರ್ಜನ್ಯವೇ ಸರಿ, ಅದಕ್ಕೆ ಬೇರೆ ಹೆಸರಿಲ್ಲ. ರಬ್ಬೋಳ ಮನಸ್ಸಿನಲ್ಲಿ ಏನಿತ್ತು ಎಂದು ಕಥೆ ಒಮ್ಮೆಯೂ ಕೇಳುವುದಿಲ್ಲ. ಮೈ ನೀವುವುದು ಅವಳ ಹೊಟ್ಟೆಪಾಡು; ಅದರಲ್ಲಿ ಒಲವೆಷ್ಟು, ಊಳಿಗವೆಷ್ಟು ಎಂಬುದು ರಜಾಯಿಯ ಅಡಿಯಲ್ಲೇ ಉಳಿಯುತ್ತದೆ. ‘ಲಿಹಾಫ್’ ದೊಡ್ಡ ಕಥೆ. ಆದರೆ ಅಲ್ಲಿ ಇಬ್ಬರು ಹೆಂಗಸರು ಪರಸ್ಪರ ಮುಖ ನೋಡಿಕೊಳ್ಳುವ ಒಂದು ಗಳಿಗೆಯೂ ಇಲ್ಲ.

ಆ ಗಳಿಗೆ ಉರ್ದುವಿನಲ್ಲೇ, ಚುಗ್ತಾಯಿ ಅವರಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ, ಲಖನೌದ ‘ರೇಖ್ತಿ’ ಕಾವ್ಯದಲ್ಲಿ ಸಿಗುತ್ತದೆ. ರಂಗೀನ್, ಇನ್ಷಾ ಮುಂತಾದ ಕವಿಗಳು ಹೆಂಗಸರ ಆಡುಮಾತಿನಲ್ಲಿ, ಹೆಂಗಸರ ದನಿಯಲ್ಲಿ ಬರೆದ ಪದ್ಯಗಳಿವು. ಗೆಳತಿಯೂ ಪ್ರಿಯೆಯೂ ಆದವಳಿಗೆ ಅಲ್ಲಿ ‘ದೋಗಾನಾ’ ಎಂಬ ಹೆಸರಿದೆ: ಒಂದೇ ಸಿಪ್ಪೆಯಲ್ಲಿ ಎರಡು ತಿರುಳಿರುವ ಬಾದಾಮಿಯನ್ನು ಹಂಚಿ ತಿಂದು ಇಬ್ಬರು ಒಬ್ಬರಿಗೊಬ್ಬರು ದೋಗಾನಾ ಆಗುತ್ತಾರೆ. ನಮ್ಮ ‘ಸಲಿಂಗಕಾಮ’ ಎಂಬ ಪಾರಿಭಾಷಿಕ ಪದದ ಪಕ್ಕದಲ್ಲಿ ಈ ಬಾದಾಮಿಯನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದರಲ್ಲಿ ವರ್ಗೀಕರಣವಿದೆ, ಇನ್ನೊಂದರಲ್ಲಿ ಆಟ, ರುಚಿ, ಸಲುಗೆ ಇವೆ. ರೇಖ್ತಿಯ ದೊಡ್ಡ ಕೊರತೆಯೆಂದರೆ ಬರೆದವರು ಬಹುಪಾಲು ಗಂಡಸರು, ಕೇಳಿದವರೂ ಗಂಡಸರ ಮಜಲಿಸು. ಹಾಗೆಂದು ತಳ್ಳಿಹಾಕುವಂತಿಲ್ಲ, ಅಂತಃಪುರದ ನುಡಿಗಟ್ಟನ್ನು ಇಷ್ಟು ಸವಿಯಾಗಿ ಉಳಿಸಿದ ಕಾವ್ಯ ಅಪರೂಪ. ಮುಂದಿನ ಕಾಲದ ಸಂಪಾದಕರು ಅಸಭ್ಯವೆಂದು ಇವನ್ನು ಸಂಕಲನಗಳಿಂದ ಕಿತ್ತುಹಾಕಿದ್ದು ದೊಡ್ಡ ನಷ್ಟ. ರೂತ್ ವನಿತಾ 2012ರಲ್ಲಿ ಪ್ರಕಟಿಸಿದ ರೇಖ್ತಿ ಅಧ್ಯಯನ ಅದನ್ನು ಸ್ವಲ್ಪಮಟ್ಟಿಗೆ ತುಂಬಿಕೊಟ್ಟಿದೆ.

ಮಲಯಾಳಂನಲ್ಲಿ ವಿ.ಟಿ. ನಂದಕುಮಾರ್ ಅವರ ‘ರಂಡು ಪೆಣ್‌ಕುಟ್ಟಿಕಳ್’ (1974), ಕಮಲಾದಾಸ್ ಅವರ ‘ಚಂದನಮರಙಳ್’ (1988) ಈ ವಸ್ತುವನ್ನು ಎತ್ತಿಕೊಂಡವು. ಮೊದಲನೆಯದು ಅದನ್ನು ಹರೆಯದ ಒಂದು ಹಂತವಾಗಿ ಮುಗಿಸಿಬಿಡುತ್ತದೆ. ಎರಡನೆಯದರಲ್ಲಿ ಅದು ಮಧ್ಯವಯಸ್ಸಿನ ವೈದ್ಯೆಯೊಬ್ಬಳ ಬದುಕಿನುದ್ದಕ್ಕೂ ಆರದ ನೆನಪಾಗಿ ಉಳಿಯುತ್ತದೆ, ಆದ್ದರಿಂದಲೇ ಹೆಚ್ಚು ಕಾಡುತ್ತದೆ.

ಸಂತೋಷವನ್ನು ಅಳುಕಿಲ್ಲದೆ ಕೊಟ್ಟವರು ರಾಜಸ್ಥಾನಿ ಕಥೆಗಾರ ವಿಜಯದಾನ್ ದೇಥಾ. ಅವರ ‘ದೋಹರಿ ಜೂಣ್’ ಕಥೆಯಲ್ಲಿ ಇಬ್ಬರು ಸಾಹುಕಾರರು ಮಕ್ಕಳು ಹುಟ್ಟುವ ಮೊದಲೇ ಅವರ ಮದುವೆ ಗೊತ್ತುಮಾಡುತ್ತಾರೆ. ಇಬ್ಬರಿಗೂ ಹೆಣ್ಣೇ ಹುಟ್ಟುತ್ತದೆ. ಬೀಜಾಳನ್ನು ಅಪ್ಪ ಗಂಡೆಂದು ಬೆಳೆಸಿ ತೀಜಾಳೊಂದಿಗೆ ಧಾರೆ ಎರೆಸುತ್ತಾನೆ. ಸತ್ಯ ತಿಳಿದ ಮೇಲೂ ಇಬ್ಬರೂ ಬೇರೆಯಾಗುವುದಿಲ್ಲ. ಊರು ಹೊರಗಟ್ಟಿದಾಗ ಆಸರೆ ಕೊಡುವುದು ದೆವ್ವಗಳು. ದೆವ್ವಗಳ ಒಡೆಯನ ವರದಿಂದ ಬೀಜಾ ಗಂಡಾಗುತ್ತಾಳೆ. ಗಂಡಾದದ್ದೇ ತಡ, ದರ್ಪ ಮಾಡತೊಡಗುತ್ತಾಳೆ. ತಪ್ಪು ತಿಳಿದು ಮತ್ತೆ ಹೆಣ್ಣಾಗುವವರೆಗೆ ಸಂಸಾರಕ್ಕೆ ಸುಖವಿಲ್ಲ. ಇಲ್ಲಿ ಇಬ್ಬರು ಹೆಂಗಸರ ಬಾಳು ಗಂಡಿನ ಕೊರತೆಯಿಂದ ಹುಟ್ಟಿದ್ದಲ್ಲ, ತಾನಾಗಿಯೇ ತುಂಬಿದ್ದು. ಜನಪದ ಕಥೆಯ ಧಾಟಿಯಲ್ಲಿ ಇಷ್ಟು ದಿಟ್ಟವಾದ ಮಾತನ್ನು ಹೇಳಿದ್ದು ಸಣ್ಣ ಸಾಧನೆಯಲ್ಲ.

ಇವರೆಲ್ಲರಿಗಿಂತ ಭಿನ್ನವಾಗಿ, ‘ನಾನು’ ಎಂದೇ ಹೊರಟವರು ಸುನೀತಿ ನಾಮಜೋಶಿ. 1941ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಐಎಎಸ್ ಬಿಟ್ಟು, ಕೆನಡಾದಲ್ಲಿ ಅಧ್ಯಾಪಕಿಯಾದ ಇವರ ‘ಫೆಮಿನಿಸ್ಟ್ ಫೇಬಲ್ಸ್’ (1981) ಪಂಚತಂತ್ರದ ಮಾದರಿಯನ್ನು ಹೊಸದಾಗಿ ಕಟ್ಟಿತು. ‘ದ ಕಾನ್ವರ್ಸೇಷನ್ಸ್ ಆಫ್ ಕೌ’ (1985) ಕಥೆಯಲ್ಲಿ ಸುನೀತಿ ಎಂಬ ನಾಯಕಿಗೆ ಗುರುವಾಗಿ, ಗೆಳತಿಯಾಗಿ ಬರುವುದು ಭದ್ರಾವತಿ ಎಂಬ ಹಸು. ಗಿಲಿಯನ್ ಹ್ಯಾನ್ಸ್‌ಕಂಬ್ ಜೊತೆಗೂಡಿ ಬರೆದ ‘ಫ್ಲೆಶ್ ಅಂಡ್ ಪೇಪರ್’ (1986) ಇಬ್ಬರು ಪ್ರೇಮಿಗಳ ಸವಾಲು–ಜವಾಬಿನ ಕವಿತೆಗಳು. ಪ್ರೇಮಕವಿತೆ ಓದುವವರು ‘ನೀನು’ ಎಂದರೆ ಗಂಡೆಂದು ಅಭ್ಯಾಸಬಲದಿಂದ ಊಹಿಸುತ್ತಾರೆ; ಕನ್ನಡದಲ್ಲಿ ‘ನಾನು ಬಂದೆ, ನೀನು ಹೋದೆ’ ಎಂಬ ಕ್ರಿಯಾಪದಗಳು ಲಿಂಗವನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ ಇಲ್ಲೂ ಅದೇ ಊಹೆ ಸಲೀಸು. ಇಬ್ಬರೂ ಹೆಣ್ಣೆಂದು ತಿಳಿದು ಓದುವಾಗ ಆ ಅಭ್ಯಾಸ ಮುರಿಯುತ್ತದೆ, ಹಳೆಯ ಪದ್ಯಗಳೂ ಬೇರೆಯಾಗಿ ಕೇಳಿಸುತ್ತವೆ.

ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ಗಂಡಸರ ನಡುವಿನ ಪ್ರೀತಿಗೆ ಮನೆಮಾತನ್ನು ಕೊಟ್ಟಿತು. ಹೆಣ್ಣುಗಳ ಪ್ರೀತಿಯ ಸಾಹಿತ್ಯಕ್ಕೆ ಹೊಸದಾಗಿ ಬರುವ ಓದುಗರು ದೇಥಾರಿಂದ ತೊಡಗಿ, ನಾಮಜೋಶಿಯವರ ನೀತಿಕಥೆಗಳನ್ನೂ ರೇಖ್ತಿಯ ನಾಲ್ಕಾರು ಪದ್ಯಗಳನ್ನೂ ಓದಿ, ಕೊನೆಗೆ ‘ಲಿಹಾಫ್’ಗೆ ಬರಲಿ. ರಬ್ಬೋ ಏನು ಹೇಳಬಹುದಿತ್ತು ಎಂಬ ಪ್ರಶ್ನೆ ಆಗ ಓದುಗರ ಕೈಯಲ್ಲೇ ಇರುತ್ತದೆ.